ಕಾರ್ಮಿಕರ ದೊಡ್ಡಕ್ಕ ಅನಸೂಯಾಬೆನ್ ಸಾರಾಭಾಯಿ

ಸಹಕಾರ ಅಂದಕೂಡಲೆ ನಮ್ಮ ಭಾಗದವರಿಗೆ ನೆನಪಾಗುವವರು ಕಣಗಿನಹಾಳದ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು. ಅಂದು ಧಾರವಾಡ ಜಿಲ್ಲೆಯಲ್ಲಿದ್ದು 1997ರಿಂದ ಗದಗ ಜಿಲ್ಲೆಗೆ ಸೇರಿದ ಆ ಊರಿನಲ್ಲಿ 1905ರ ಮೇ 8ರಂದು ಅವರು ನೋಂದಣಿ ಮಾಡಿಸಿದ ಸಂಘವೇ ನಮ್ಮೆಲ್ಲಾ ಸಂಘಗಳಿಗೆ ಹಿರಿಯಣ್ಣ. ಅವರ ಹೆಸರು ಎತ್ತದೆ ಯಾವ ಸಹಕಾರಿ ಸಪ್ತಾಹವೂ ಮುಗಿಯುವುದಿಲ್ಲ. ಆದ್ದರಿಂದ ಬೆಳ್ಳಿಹಬ್ಬದ ಈ ಸಂಚಿಕೆಗೆ ನಾನು ಬೇರೊಬ್ಬರ ಚರಿತ್ರೆ ಆರಿಸಿಕೊಂಡೆ. ಅವರು ನಮ್ಮ ಕಡೆಯವರಲ್ಲ, ಒಕ್ಕಲುತನದವರೂ ಅಲ್ಲ. ಆದರೆ ನವಲಗುಂದ, ಅಣ್ಣಿಗೇರಿ, ಕುಂದಗೋಳದ ಯರಿ ಹೊಲದವರಿಗೆ ಅವರು ತೀರಾ ಹೊರಗಿನವರೂ ಅಲ್ಲ. ಯಾಕಂದ್ರ ನಾವು ಬೆಳೆದ ಜಯಧರ ಹತ್ತಿ ಅಡತಿ ಅಂಗಡಿಗೆ ಹೋಗುತ್ತದೆ, ಅಲ್ಲಿಂದ ಜಿನ್ನಿಗೆ ಹೋಗುತ್ತದೆ, ಅಲ್ಲಿಂದ ಗಿರಣಿಗೆ. ಅಂಡಿಗೆ ಕಟ್ಟಿ ಕಳಿಸಿದ ಮೇಲೆ ನಮ್ಮ ಕೆಲಸ ಮುಗಿಯಿತು. ಆ ಹತ್ತಿಯನ್ನು ನೂಲು ಮಾಡಿ ಬಟ್ಟೆ ನೇಯುವವರ ಬಾಳೇವು ಹೆಂಗಿತ್ತು ಅಂತ ನಾವು ಕೇಳಿದವರಲ್ಲ. ಅದನ್ನು ಕೇಳಿದ ಒಬ್ಬ ಹೆಣ್ಣುಮಗಳು, ಅದೂ ಗಿರಣಿ ಮಾಲೀಕರ ಮನೆಯಲ್ಲೇ ಹುಟ್ಟಿದವರು, ಅಹಮದಾಬಾದಿನ ಅನಸೂಯಾ ಸಾರಾಭಾಯಿ.

ಅನಸೂಯಾ ಅವರು ಹುಟ್ಟಿದ್ದು 1885ರ ನವೆಂಬರ್ 11ರಂದು. ಜೈನ ಧರ್ಮದ ದೊಡ್ಡ ಸಾವಕಾರ ಮನೆತನ. ಒಂಬತ್ತು ವರ್ಷದವರಿದ್ದಾಗ ತಂದೆ ತಾಯಿ ಇಬ್ಬರೂ ತೀರಿಕೊಂಡರು. ತಮ್ಮ ಅಂಬಾಲಾಲ, ತಂಗಿ ಕಾಂತಾ ಮತ್ತು ಇವರು ಚಿಕ್ಕಪ್ಪನ ಮನೆಯಲ್ಲಿ ಬೆಳೆದರು. ಅಂದಿನ ಪದ್ಧತಿಯಂತೆ ಹದಿಮೂರನೇ ವರ್ಷಕ್ಕೆ ಮದುವೆ. ಆ ಮದುವೆ ಕೂಡಿ ಬರಲಿಲ್ಲ, ತವರಿಗೆ ತಿರುಗಿ ಬಂದರು. ಗಂಡನನ್ನು ಬಿಟ್ಟು ಬಂದ ಹೆಣ್ಣುಮಗಳನ್ನು ಆ ಕಾಲದ ಜನ ಹೆಂಗ ನೋಡುತ್ತಿದ್ದರು ಅನ್ನುವುದನ್ನು ನಮ್ಮ ಹಳ್ಳಿಯ ತಾಯಂದಿರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆಗ ಬೆನ್ನಿಗೆ ನಿಂತವನು ತಮ್ಮ ಅಂಬಾಲಾಲ. ಅಕ್ಕನಿಗಿಂತ ಐದು ವರ್ಷ ಚಿಕ್ಕವನಾದರೂ ಮುಂದೆ ಮನೆತನದ ಗಿರಣಿಯನ್ನೂ ಅಕ್ಕನ ಓದನ್ನೂ ಅವನೇ ನೋಡಿಕೊಂಡ. ನಮ್ಮ ದೇಶದ ಬಾಹ್ಯಾಕಾಶ ಕಾರ್ಯಕ್ರಮಕ್ಕೆ ಅಡಿಪಾಯ ಹಾಕಿದ ವಿಕ್ರಮ್ ಸಾರಾಭಾಯಿಯವರು ಇದೇ ಅಂಬಾಲಾಲರ ಮಗ. ಅಂದರೆ ಅನಸೂಯಾ ಅವರು ವಿಕ್ರಮರಿಗೆ ಸೋದರತ್ತೆ.

ತಮ್ಮನ ನೆರವಿನಿಂದ 1912ರಲ್ಲಿ ಡಾಕ್ಟರಿಕೆ ಕಲಿಯಲು ಇಂಗ್ಲೆಂಡಿಗೆ ಹೋದರು. ಅಲ್ಲಿ ಪ್ರಾಣಿಗಳನ್ನು ಕೊಯ್ದು ಕಲಿಯಬೇಕು ಅಂತ ತಿಳಿದಾಗ ಜೈನ ಮನಸ್ಸು ಒಪ್ಪಲಿಲ್ಲ. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಸೇರಿದರು. ಹೆಂಗಸರು ಮತದಾನದ ಹಕ್ಕಿಗಾಗಿ ಬೀದಿಗಿಳಿದಿದ್ದ ಕಾಲ ಅದು. ಬಡತನ ಅನ್ನುವುದು ಹಣೆಬರಹ ಅಲ್ಲ, ಅದಕ್ಕೆ ಕಾರಣಗಳಿದ್ದಾವೆ ಅನ್ನುವ ತಿಳುವಳಿಕೆ ಅವರಿಗೆ ಅಲ್ಲಿ ಬಂತು. 1913ರಲ್ಲಿ ಊರಿಗೆ ಮರಳಿದರು.

ಬಂದವರು ಮೊದಲು ಮಾಡಿದ್ದು ಸಣ್ಣ ಕೆಲಸ. ಗಿರಣಿ ಕೆಲಸಗಾರರ ಮಕ್ಕಳನ್ನು ಕೂಡಿಸಿ, ಮೈ ತೊಳೆದು, ತಲೆ ಬಾಚಿ, ಅಕ್ಷರ ಕಲಿಸುವುದು. ಮುಂದೆ ಕೂಸುಗಳನ್ನು ನೋಡಿಕೊಳ್ಳುವ ಮನೆ, ಹೆಂಗಸರಿಗೆ ಶೌಚಾಲಯ, ಹೆರಿಗೆ ಆಸ್ಪತ್ರೆ, ಹರಿಜನ ಹುಡುಗಿಯರಿಗೆ ವಸತಿ ಹೀಗೆ ಒಂದೊಂದೇ ಕೂಡಿಬಂದವು. ಇಲ್ಲಿಯ ತನಕ ಇದು ಶ್ರೀಮಂತರ ಮನೆಯ ದಾನಧರ್ಮವೇ. ಬೇಕಾದಷ್ಟು ಮಂದಿ ಮಾಡ್ಯಾರ. ಆದರೆ ಒಂದು ದಿನ ಮುಂಜಾನೆ ಹದಿನೈದು ಮಂದಿ ಕೆಲಸಗಾರರು ಜೀವ ಇಲ್ಲದ ಗೊಂಬೆಗಳಂತೆ ಮನೆ ಮುಂದೆ ಹಾದು ಹೋಗುವುದನ್ನು ನೋಡಿ ನಿಲ್ಲಿಸಿ ಕೇಳಿದರು. ಅವರು ಎರಡು ರಾತ್ರಿ ಒಂದು ಹಗಲು, ಒಟ್ಟು 36 ತಾಸು, ಬಿಡುವಿಲ್ಲದೆ ದುಡಿದು ಬರುತ್ತಿದ್ದರು. ಮಕ್ಕಳ ತಲೆ ಬಾಚುವುದರಿಂದ ಅವರ ಅಪ್ಪಂದಿರ ದಣಿವು ಹೋಗುವುದಿಲ್ಲ ಅಂತ ಅವರಿಗೆ ಅಂದು ಗೊತ್ತಾಯಿತು. ಕಾರ್ಮಿಕರನ್ನು ಕಟ್ಟುವ ಕೆಲಸಕ್ಕೆ ಇಳಿದರು.

1917ರಲ್ಲಿ ಅಹಮದಾಬಾದಿಗೆ ಪ್ಲೇಗು ಬಂತು. ಜನ ಊರು ಬಿಟ್ಟು ಓಡಬಾರದೆಂದು ಮಾಲೀಕರು ಹೆಚ್ಚಿನ ಪಗಾರ ಕೊಟ್ಟರು. ಬೇನೆ ಇಳಿದ ಮೇಲೆ ಅದನ್ನು ನಿಲ್ಲಿಸಲು ಹೊರಟರು. ಅಷ್ಟರಲ್ಲಿ ಮೊದಲ ಮಹಾಯುದ್ಧದಿಂದ ಕಾಳುಕಡಿ, ಬಟ್ಟೆ ಎಲ್ಲದರ ದರ ಏರಿತ್ತು. ಕೆಲಸಗಾರರು ಶೇಕಡಾ 50 ಹೆಚ್ಚಳ ಕೇಳಿದರು. ಅನಸೂಯಾ ಅವರು ಗಾಂಧೀಜಿಯವರನ್ನು ಕರೆತಂದರು. ಲೆಕ್ಕಪತ್ರ ನೋಡಿ, ಬೇರೆ ಊರಿನ ಪಗಾರ ವಿಚಾರಿಸಿ, ಶೇಕಡಾ 35 ನ್ಯಾಯವಾದದ್ದು ಅಂತ ನಿರ್ಧಾರವಾಯಿತು. ಮಾಲೀಕರು 20ರ ಮೇಲೆ ಏರಲಿಲ್ಲ. 1918ರ ಫೆಬ್ರುವರಿ 22ರಂದು ಗಿರಣಿ ಬಾಗಿಲು ಹಾಕಿದರು. ಮಾಲೀಕರ ಸಂಘದ ಅಧ್ಯಕ್ಷ ಯಾರು ಅಂದರೆ ಅದೇ ಅಂಬಾಲಾಲ. ಅಕ್ಕ ಕಾರ್ಮಿಕರ ಕಡೆ, ತಮ್ಮ ಮಾಲೀಕರ ಕಡೆ. ಹಿಂದೆ ಗಾಂಧೀಜಿಯ ಆಶ್ರಮಕ್ಕೆ ಹರಿಜನ ಕುಟುಂಬ ಬಂದಾಗ ದಾನಿಗಳೆಲ್ಲ ಕೈ ಬಿಟ್ಟರು. ಆಗ ಕಾರಿನಲ್ಲಿ ಬಂದು 13,000 ರೂಪಾಯಿ ಕೊಟ್ಟು ಹೋದವರೂ ಇದೇ ಅಂಬಾಲಾಲ. ಒಳ್ಳೆಯ ಮನುಷ್ಯರೂ ರೊಕ್ಕದ ಲೆಕ್ಕಕ್ಕೆ ಕೂತಾಗ ಗಟ್ಟಿಯಾಗುತ್ತಾರೆ, ಇದು ಎಲ್ಲಾ ಊರಲ್ಲಿಯೂ ಇದ್ದದ್ದೇ.

ದಿನಾ ಸಂಜೆ ಸಾಬರಮತಿ ನದಿ ದಂಡೆಯ ಜಾಲಿ ಗಿಡದ ಕೆಳಗೆ ಸಾವಿರಾರು ಮಂದಿಯ ಸಭೆ. ಹಗಲಿಗೆ ಅನಸೂಯಾ, ಶಂಕರಲಾಲ್ ಬ್ಯಾಂಕರ್ ಮತ್ತು ಸಂಗಡಿಗರು ಚಾಳಗಳಿಗೆ ಹೋಗಿ ಯಾರ ಮನೆಯಲ್ಲಿ ಒಲೆ ಹೊತ್ತಿಲ್ಲ, ಯಾರಿಗೆ ಜಡ್ಡಾಗಿದೆ ಅಂತ ವಿಚಾರಿಸುವರು. ಇಲ್ಲಿ ಒಂದು ಮಾತು ನಮ್ಮ ಸಂಘದವರು ಲಕ್ಷ್ಯಕ್ಕೆ ತಂದುಕೊಳ್ಳಬೇಕು. ಮುಷ್ಕರದವರಿಗೆ ಊರಿನವರಿಂದ ಚಂದಾ ಎತ್ತಿ ಹಂಚಬಹುದಿತ್ತು, ಕೊಡುವವರೂ ಇದ್ದರು. ಗಾಂಧೀಜಿ ಬೇಡ ಅಂದರು. ಹಸಿದವರಿಗೆ ಕೆಲಸ ಕೊಡೋಣ ಅಂದರು. ಆಶ್ರಮದ ನೇಯ್ಗೆ ಶಾಲೆಯ ಅಡಿಪಾಯಕ್ಕೆ ಉಸುಕು ತುಂಬಬೇಕಾಗಿತ್ತು. ನದಿಯಿಂದ ಉಸುಕು ಹೊರುವ ಕೆಲಸ ಸುರುವಾಯಿತು. ಮೊದಲನೇ ಬುಟ್ಟಿ ತಲೆ ಮೇಲೆ ಇಟ್ಟುಕೊಂಡು ಸಾಲಿನ ಮುಂದೆ ನಡೆದವರು ಅನಸೂಯಾ. ಎಷ್ಟು ಆಳು, ಎಷ್ಟು ಹೊಲಿಗೆ ಯಂತ್ರ, ಎಷ್ಟು ಚೀಲ ಅಕ್ಕಿ ಹಂಚಿದಿರಿ ಅಂತ ಫೋಟೋ ತೆಗೆಸುವ ದಾನ ಅದಲ್ಲ.

ಮೂರು ವಾರ ಆದಾಗ ಜನ ಸೋತರು. ಮಾರ್ಚ್ 15ಕ್ಕೆ ಗಾಂಧೀಜಿ ಉಪವಾಸ ಕೂತರು. 18ರಂದು ರಾಜಿಯಾಯಿತು. ಮೊದಲನೇ ದಿನ ಶೇಕಡಾ 35, ಎರಡನೇ ದಿನ 20, ಆಮೇಲೆ ಪಂಚರು ಹೇಳುವ ತನಕ 27.5. ಪಂಚರಾದವರು ಪ್ರೊಫೆಸರ್ ಆನಂದಶಂಕರ ಧ್ರುವ. ಅವರು ಕೊನೆಗೆ ಕೊಟ್ಟದ್ದು ಶೇಕಡಾ 35ರ ತೀರ್ಪು.

ಮುಂದಿನ ವರ್ಷ, 1919ರ ಏಪ್ರಿಲ್‌ನಲ್ಲಿ, ರೌಲಟ್ ಕಾಯ್ದೆಯ ಗದ್ದಲದಲ್ಲಿ ಗಾಂಧೀಜಿಯನ್ನು ಹಿಡಿದಾಗ ಅನಸೂಯಾ ಅವರನ್ನೂ ಹಿಡಿದಾರೆ ಅಂತ ಸುಳ್ಳು ಸುದ್ದಿ ಹಬ್ಬಿ ಗಿರಣಿ ಜನ ಕೆರಳಿ ಊರಿಗೆ ಬೆಂಕಿ ಹಚ್ಚಿದರು, ಸೈನ್ಯ ಬಂತು. ಪ್ರೀತಿ ಅಷ್ಟಿತ್ತು, ಶಿಸ್ತು ಇನ್ನೂ ಬಂದಿದ್ದಿಲ್ಲ ಅನ್ನಬೇಕು.

1920ರ ಫೆಬ್ರುವರಿ 25ರಂದು ಮಿರ್ಜಾಪುರದ ಅನಸೂಯಾ ಅವರ ಮನೆಯಲ್ಲೇ ಮಜೂರ್ ಮಹಾಜನ್ ಸಂಘ ಹುಟ್ಟಿತು. ಕಾರ್ಮಿಕರು ಇವರನ್ನು ಮೋಟಾಬೆನ್ ಅಂತ ಕರೆಯುತ್ತಿದ್ದರು. ನಮ್ಮ ಮಾತಿನಲ್ಲಿ ದೊಡ್ಡಕ್ಕ. 1922ರಲ್ಲಿ ಗುಲ್ಜಾರಿಲಾಲ್ ನಂದಾ ಬಂದು ಕಾರ್ಯಭಾರ ಹೊತ್ತರು. ಮುಂದೆ 1964 ಮತ್ತು 1966ರಲ್ಲಿ ಎರಡು ಸಲ ಹಂಗಾಮಿ ಪ್ರಧಾನಿಯಾದವರು ಅವರೇ. ಎಲ್ಲಾ ಸಲವೂ ಗೆಲುವು ಸಿಗಲಿಲ್ಲ. 1923ರಲ್ಲಿ ಮಾಲೀಕರು ಪಗಾರ ಕಡಿತ ಮಾಡಿದಾಗ ಎರಡು ತಿಂಗಳು ಮುಷ್ಕರ ಮಾಡಿಯೂ ಸೋತರು, ಸದಸ್ಯರು ಬಿಟ್ಟು ಹೋದರು. ಆದರೂ ಸಂಘ ಮುರಿಯಲಿಲ್ಲ. ಸಂಘದಿಂದ ಸದಸ್ಯನಿಗೆ ಸಿಗುತ್ತಿದ್ದದ್ದು ಪಗಾರದ ಜಗಳ ಒಂದೇ ಅಲ್ಲ, ಅದಕ್ಕೇ ಮುರಿಯಲಿಲ್ಲ ಅಂತ ನನ್ನ ತಿಳುವಳಿಕೆ.

ಆ ಲೆಕ್ಕ ನೋಡೋಣ. ಸದಸ್ಯರಿಂದ ಆಣೆ ಲೆಕ್ಕದಲ್ಲಿ ವರ್ಗಣಿ. ಆ ಆಣೆಗಳ ದೊಡ್ಡ ಪಾಲು ಹೋದದ್ದು ಹಗಲು ಶಾಲೆ, ರಾತ್ರಿ ಶಾಲೆ, ದವಾಖಾನೆ, ವಾಚನಾಲಯಗಳಿಗೆ, ಸಾವಕಾರರ ಬಡ್ಡಿಯಿಂದ ಬಿಡಿಸಲು ಕಡಿಮೆ ಬಡ್ಡಿಯ ಸಾಲಕ್ಕೆ, ಸೋವಿ ದರದ ಕಾಳಿನ ಅಂಗಡಿಗೆ. 1927ರಲ್ಲಿ ಅನಸೂಯಾ ಅವರು ಗಿರಣಿ ಕಾರ್ಮಿಕರ ಹೆಣ್ಣುಮಕ್ಕಳಿಗಾಗಿ ಕನ್ಯಾಗೃಹ ತೆರೆದರು. ಅಹಮದಾಬಾದಿನ ನೂಲು ವಿಭಾಗದಲ್ಲಿ ಬಹಳ ಮಂದಿ ಹರಿಜನರು, ನೇಯ್ಗೆ ವಿಭಾಗದಲ್ಲಿ ಬೇರೆಯವರು, ಹೆಚ್ಚಿನ ಪಗಾರದವರು. ವರ್ಗಣಿ ಒಂದೇ ಪೆಟ್ಟಿಗೆಗೆ ಬಿದ್ದರೂ ಶಾಲೆ ಮೊದಲು ಬೇಕಾದದ್ದು ಹರಿಜನರ ಚಾಳಿಗೆ. ನಮ್ಮ ರೊಕ್ಕ ಅವರಿಗ್ಯಾಕ ಅನ್ನುವ ಮಾತು ಹುಟ್ಟುವುದು ಇಂಥಲ್ಲಿಯೇ.

ಈ ಮಾತಿಗೆ ಕಾಯ್ದೆಯೂ ಉತ್ತರ ಹೇಳಬೇಕಾಯಿತು. 1926ರ ಟ್ರೇಡ್ ಯೂನಿಯನ್ ಕಾಯ್ದೆಯಲ್ಲಿ ಸಂಘದ ಸಾಮಾನ್ಯ ನಿಧಿಯನ್ನು ಯಾವುದಕ್ಕೆ ಖರ್ಚು ಮಾಡಬಹುದು ಅಂತ ಪಟ್ಟಿ ಇತ್ತು. ಸದಸ್ಯರ ಶಿಕ್ಷಣ, ಬೇನೆ, ಮುಪ್ಪು, ಸಾವಿನ ಖರ್ಚು ಅದರಲ್ಲಿದ್ದವು. ಸದಸ್ಯರಲ್ಲದ ಇತರ ಕಾರ್ಮಿಕರ ಹಿತಕ್ಕೂ ಕೊಡಬಹುದಿತ್ತು, ಆದರೆ ಅದಕ್ಕೆ ಮಿತಿ ಇತ್ತು, ವರಮಾನದ ಕಾಲು ಭಾಗ ದಾಟಬಾರದಿತ್ತು. ಸಹಕಾರಿ ಸಂಘಗಳಿಗೂ 1912ರ ಕಾಯ್ದೆ ಇಂಥದೇ ದಾರಿ ಮಾಡಿತ್ತು. ಲಾಭದಲ್ಲಿ ನಾಲ್ಕನೇ ಒಂದು ಭಾಗ ಮೀಸಲು ನಿಧಿಗೆ ತೆಗೆದ ಮೇಲೆ, ರಿಜಿಸ್ಟ್ರಾರರ ಒಪ್ಪಿಗೆ ಪಡೆದು, ಉಳಿದದ್ದರಲ್ಲಿ ಶೇಕಡಾ 10ರ ತನಕ ಧರ್ಮಕಾರ್ಯಕ್ಕೆ ಕೊಡಬಹುದಿತ್ತು. ಕೊಡಲೇಬೇಕು ಅಂತ ಅಲ್ಲ, ಕೊಡಬಹುದು ಅಂತ. ಆ ಒಂದು ಶಬ್ದದೊಳಗೇ ಎಲ್ಲಾ ಜಗಳ ಅಡಗಿದೆ.

ನಮ್ಮ ಸಂಘದಲ್ಲಿಯೂ ಲಾಭ ವಿಂಗಡಣೆಯ ಠರಾವು ಬಂದಾಗ ನೋಡೀರಿ. ಡಿವಿಡೆಂಡ್ ಅಂದಾಗ ಎಲ್ಲರ ಕೈ ಮೇಲೆ. ಧರ್ಮಾದಾಯ ಅಂದಾಗ ಗುಡಿಗೆ ಅನ್ನುವವರು ಕೆಲವರು, ಸಾಲಿಗೆ ಅನ್ನುವವರು ಕೆಲವರು, ಯಾವುದೂ ಬೇಡ ಅನ್ನುವವರು ಹಿಂದಿನ ಸಾಲಿನವರು. ಆದರೆ ನಮ್ಮ ಹೊಲದಲ್ಲಿ ಹತ್ತಿ ಬಿಡಿಸುವ ಹೆಣ್ಣಾಳುಗಳು, ಹೆಸರು ಹರಿಯುವವರು, ಗೊಬ್ಬರದ ಚೀಲ ಇಳಿಸುವ ಹಮಾಲರು ಆ ಸಭೆಯಲ್ಲಿ ಇರುವುದೇ ಇಲ್ಲ. ಪಹಣಿ ಇಲ್ಲದವನಿಗೆ ಬೆಳೆಸಾಲ ಇಲ್ಲ, ಸಾಲ ಇಲ್ಲದವನಿಗೆ ಶೇರು ಯಾಕ ಅಂತ ಅವರು ದೂರ ಉಳಿದಾರೆ. ಸಂಘದ ಲಾಭದಲ್ಲಿ ಅವರ ಬೆವರು ಎಷ್ಟಿದೆ ಅಂತ ಯಾವ ಆಡಿಟರೂ ಲೆಕ್ಕ ತೆಗೆದಿಲ್ಲ. ಇದನ್ನು ಬರೆದರೆ ಕೆಲವರಿಗೆ ಸಿಟ್ಟು ಬರಬಹುದು. ಬರಲಿ, ಸಭೆಯಲ್ಲಿ ಮಾತಾಡೋಣ.

ಮಜೂರ್ ಮಹಾಜನಕ್ಕೂ ಟೀಕೆ ತಪ್ಪಲಿಲ್ಲ. 1928ರಲ್ಲಿ ಮುಂಬಯಿಯಲ್ಲಿ ಗಿರಣಿ ಕಾಮಗಾರ್ ಯೂನಿಯನ್ ಕಟ್ಟಿ ಆರು ತಿಂಗಳ ಮುಷ್ಕರ ನಡೆಸಿದ ಕೆಂಬಾವುಟದವರ ದಾರಿಯೇ ಬೇರೆ. ಶಾಲೆ ದವಾಖಾನೆ ಕೊಟ್ಟು ಕಾರ್ಮಿಕನ ಸಿಟ್ಟು ತಣ್ಣಗೆ ಮಾಡುತ್ತಾರೆ, ಮಾಲೀಕರ ಸಂಗಡ ರಾಜಿ ಪಂಚಾಯ್ತಿ ಮಾಡುತ್ತಾರೆ ಅನ್ನುವುದು ಅಂಥವರ ದೂರು. ಅದರಲ್ಲಿ ಸ್ವಲ್ಪ ನಿಜವೂ ಇದ್ದೀತು. ಆದರೆ ಮುಷ್ಕರ ಇಲ್ಲದ ದಿನಗಳೇ ಹೆಚ್ಚು, ಆ ದಿನಗಳಲ್ಲಿ ಬಾಣಂತಿಗೆ ಹಾಸಿಗೆ ಬೇಕು, ಹುಡುಗನಿಗೆ ಪಾಟಿ ಬೇಕು. ಇದನ್ನು ನೋಡಿಕೊಳ್ಳದ ಸಂಘವನ್ನು ಬಡವ ಎಷ್ಟು ದಿನ ನಂಬುತ್ತಾನೆ?

ವಯಸ್ಸಾದಂತೆ ಅನಸೂಯಾ ಅವರು ಹಿಂದೆ ಸರಿದರು, ಮಂತ್ರಿಗಿರಿ ಕಡೆ ಹೋಗಲಿಲ್ಲ. 1954ರಲ್ಲಿ ಸಂಘವು ಮಹಿಳಾ ವಿಭಾಗ ತೆಗೆದು ಕಾರ್ಮಿಕರ ಹೆಂಡಂದಿರು, ಹೆಣ್ಣುಮಕ್ಕಳಿಗೆ ಹೊಲಿಗೆ, ನೂಲುವುದು, ಕಸೂತಿ ಕಲಿಸತೊಡಗಿತು. 1968ರಿಂದ ಆ ವಿಭಾಗ ನೋಡಿಕೊಂಡವರು ಇಳಾ ಭಟ್. ಅವರು ಗಿರಣಿಯ ಹೊರಗೆ ನೋಡಿದರು. ತಲೆ ಮೇಲೆ ಬಟ್ಟೆ ಗಂಟು ಹೊರುವವರು, ಗಾಡಿ ಎಳೆಯುವವರು, ಹಳೇ ಅರಿವೆ ಮಾರುವವರು. ಇವರಿಗೆ ಮಾಲೀಕನೇ ಇಲ್ಲ, ಇವರದೆಂಥ ಯೂನಿಯನ್ ಅಂತ ಸರಕಾರಿ ಕಚೇರಿಯವರು ತಕರಾರು ತೆಗೆದರು. ಕೊನೆಗೆ 1972ರ ಏಪ್ರಿಲ್‌ನಲ್ಲಿ ಸೇವಾ ಸಂಘ ನೋಂದಣಿ ಆಯಿತು. ಅದೇ ವರ್ಷ ಅನಸೂಯಾಬೆನ್ ತೀರಿಕೊಂಡರು.

1974ರಲ್ಲಿ ನಾಲ್ಕು ಸಾವಿರ ಹೆಂಗಸರು ತಲಾ ಹತ್ತು ರೂಪಾಯಿ ಶೇರು ಹಾಕಿ ಸೇವಾ ಸಹಕಾರಿ ಬ್ಯಾಂಕ್ ತೆರೆದರು. ಓದು ಬಾರದವರೇ ಹೆಚ್ಚು. 1981ರಲ್ಲಿ ಗುಜರಾತಿನ ಮೀಸಲಾತಿ ಗಲಭೆಯಲ್ಲಿ ಇಳಾ ಭಟ್ ದಲಿತರ ಪರ ಮಾತಾಡಿದ ಮೇಲೆ ಮಜೂರ್ ಮಹಾಜನವು ಸೇವಾದವರನ್ನು ಹೊರಗೆ ಹಾಕಿತು. ದೊಡ್ಡಕ್ಕ ಅಂದು ಇದ್ದಿದ್ದರೆ ಏನು ಮಾಡುತ್ತಿದ್ದರೋ. ಮುಂದೆ ಅಹಮದಾಬಾದಿನ ಗಿರಣಿಗಳು ಒಂದರ ಮೇಲೊಂದು ಮುಚ್ಚಿ ಲಕ್ಷಕ್ಕೂ ಹೆಚ್ಚು ಮಂದಿ ಕೆಲಸ ಕಳಕೊಂಡರು, ಮಜೂರ್ ಮಹಾಜನದ ಬಲವೂ ಇಳಿಯಿತು. ಹೊರಗೆ ಹಾಕಿಸಿಕೊಂಡ ಹೆಂಗಸರ ಬ್ಯಾಂಕು ಮಾತ್ರ ಮುಚ್ಚಲಿಲ್ಲ.