ದಿನದ ಚಿಂತನೆ: ಜೀವಕ ಮತ್ತು ಅರಸನಿಗೆ ಒಗ್ಗದ ತುಪ್ಪ





ವರ್ಷಾವಾಸದ ಓದಿನಲ್ಲಿ ನಾವೀಗ ವಿನಯ ಪಿಟಕದ ಮಹಾವಗ್ಗಕ್ಕೆ ಬಂದಿದ್ದೇವೆ. ಅದರಲ್ಲಿ ಚೀವರದ ಅಧ್ಯಾಯ ತೆರೆದರೆ ಮೊದಲ ಪುಟಗಳಲ್ಲಿ ಸಿಗುವುದು ಬಟ್ಟೆಯ ಮಾತಲ್ಲ, ಒಬ್ಬ ವೈದ್ಯನ ಕಥೆ. ಆತ ಜೀವಕ. ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲಿ ಈತನಿಗೆ ಪ್ರತ್ಯೇಕ ಜಾಗ ಕೊಟ್ಟಿದ್ದಾರೆ. ಕಷಾಯ, ಪಥ್ಯ, ಮಕ್ಕಳಿಗೆ ಯಾವುದು ಒಗ್ಗುತ್ತದೆ ಯಾವುದು ಒಗ್ಗುವುದಿಲ್ಲ ಎಂಬ ಮಾತು ನಮ್ಮ ಮನೆಗಳಲ್ಲಿ ದಿನವೂ ಇರುತ್ತದಲ್ಲ, ಅದಕ್ಕೇ ಇವತ್ತು ಜೀವಕನ ಬದುಕನ್ನು ಆ ಕಡೆಯಿಂದ ನೋಡೋಣ ಅನ್ನಿಸಿತು.

ರಾಜಗೃಹದ ಗಣಿಕೆ ಸಾಲವತಿಗೆ ಗಂಡು ಮಗು ಹುಟ್ಟಿತು. ಅವಳು ಅದನ್ನು ಹಳೇ ಮೊರದಲ್ಲಿ ಹಾಕಿಸಿ, ದಾಸಿಯ ಕೈಲಿ ತಿಪ್ಪೆಗೆ ಹಾಕಿಸಿಬಿಟ್ಟಳು. ಆ ದಾರಿಯಲ್ಲಿ ಹೋಗುತ್ತಿದ್ದ ರಾಜಕುಮಾರ ಅಭಯ, ಕಾಗೆ ಮುತ್ತಿದ್ದನ್ನು ಕಂಡು ಅದೇನು ಅಂತ ಕೇಳಿದ. ಕೂಸು ಅಂದರು. ಜೀವ ಇದೆಯಾ ಅಂತ ಕೇಳಿದ. ಇದೆ ಅಂದರು. ಹಾಗೆ ಬಂದ ಹೆಸರು ಜೀವಕ. ರಾಜಕುಮಾರ ಸಾಕಿದ್ದಕ್ಕೆ ಕೋಮಾರಭಚ್ಚ ಎಂದೂ ಕರೆದರು. ಆಯುರ್ವೇದದಲ್ಲಿ ಮಕ್ಕಳ ಚಿಕಿತ್ಸೆಗೆ ಕೌಮಾರಭೃತ್ಯ ಎನ್ನುವುದರಿಂದ, ಆ ಹೆಸರಿಗೆ ಮಕ್ಕಳ ವೈದ್ಯ ಎಂದೇ ಅರ್ಥ ಹೇಳುವ ವಿದ್ವಾಂಸರೂ ಇದ್ದಾರೆ.

ದೊಡ್ಡವನಾದ ಮೇಲೆ ಅವನಿಗೆ ತಂದೆ ತಾಯಿ ಯಾರೆಂಬ ಪ್ರಶ್ನೆ ಬಂತು. ತಾಯಿ ಯಾರೋ ಗೊತ್ತಿಲ್ಲ, ಸಾಕಿದವನು ನಾನು, ಆದ್ದರಿಂದ ತಂದೆ ನಾನೇ ಎಂದು ಅಭಯ ಹೇಳಿದ. ಅರಮನೆಯಂಥ ಕಡೆ ಒಂದು ವಿದ್ಯೆ ಕೈಯಲ್ಲಿಲ್ಲದೆ ಬಾಳುವುದು ಕಷ್ಟ ಎಂದು ಹುಡುಗ ಲೆಕ್ಕ ಹಾಕಿದ. ಯಾರಿಗೂ ಹೇಳದೆ ತಕ್ಷಶಿಲೆಗೆ ಹೊರಟ. ಕುಲದ ಹೆಸರು ಹೇಳಿಕೊಳ್ಳಲು ಇಲ್ಲದವನಿಗೆ ವಿದ್ಯೆಯೊಂದೇ ದಾರಿ ಎಂಬುದನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಏಳು ವರ್ಷ ಕಲಿತ ಮೇಲೆ ಗುರು ಒಂದು ಪರೀಕ್ಷೆ ಕೊಟ್ಟರು. ತಕ್ಷಶಿಲೆಯ ಸುತ್ತ ಒಂದು ಯೋಜನ ಅಲೆದು, ಔಷಧಿಗೆ ಬಾರದ್ದು ಏನಾದರೂ ಕಂಡರೆ ತರಬೇಕು. ಜೀವಕ ಗುದ್ದಲಿ ಹಿಡಿದು ಅಲೆದು ಬರಿಗೈಲಿ ಬಂದ. ಅಂಥದ್ದು ಒಂದೂ ಸಿಗಲಿಲ್ಲ ಅಂದ. ಕಲಿತದ್ದು ಸಾಕು ಎಂದು ಗುರು ಕಳಿಸಿಕೊಟ್ಟರು.

ಈ ಪ್ರಸಂಗ ಆಗಾಗ ಫಾರ್ವರ್ಡ್ ಆಗಿ ಬರುತ್ತದೆ, ಗಿಡಮೂಲಿಕೆಯಿಂದ ಯಾವ ಕೆಡುಕೂ ಇಲ್ಲ ಎಂಬ ಅಡಿಟಿಪ್ಪಣಿಯ ಸಮೇತ. ಅದು ಅದರ ಅರ್ಥವಲ್ಲ. ಒಂದೊಂದು ಗಿಡದ ಗುಣ, ಅಳತೆ ತಿಳಿದವನಿಗೆ ಎಲ್ಲವೂ ಔಷಧಿ. ತಿಳಿಯದೆ ಕೊಡುವವನ ಕೈಯಲ್ಲಿ ಅದೇ ವಿಷ. 2004ರಲ್ಲಿ ಅಮೆರಿಕದ ಬಾಸ್ಟನ್ ಸುತ್ತಮುತ್ತಲ ಅಂಗಡಿಗಳಿಂದ 70 ಆಯುರ್ವೇದ ಔಷಧಿ ತಂದು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ಚೀಟಿಯಿಲ್ಲದ ಪುಡಿಯನ್ನು ಮಗುವಿಗೆ ಜೇನಿನಲ್ಲಿ ಕಲಸಿ ಕೊಡುವ ಮುಂಚೆ ಇದು ನೆನಪಿರಲಿ. (ಒಂದು ವರ್ಷದೊಳಗಿನ ಕೂಸಿಗಾದರೆ ಆ ಜೇನೂ ಬೇಡ.)

ಮನೆಗೆ ಮರಳುವ ದಾರಿಯಲ್ಲಿ, ಸಾಕೇತದಲ್ಲಿ ಜೀವಕನ ಬುತ್ತಿ ಮುಗಿಯಿತು. ಅಲ್ಲಿನ ಸೆಟ್ಟಿಯ ಹೆಂಡತಿಗೆ ಏಳು ವರ್ಷದ ತಲೆನೋವು. ಹೆಸರಾಂತ ವೈದ್ಯರು ಬಂದು ಹಣ ಹೊತ್ತುಕೊಂಡು ಹೋಗಿದ್ದರು. ಜೀವಕ ವಾಸಿಯಾದ ಮೇಲೆ ಕೊಟ್ಟರೆ ಸಾಕು ಎಂದು ಹೇಳಿಕಳಿಸಿ, ಮದ್ದು ಹಾಕಿ ಕಾಸಿದ ತುಪ್ಪವನ್ನು ಮೂಗಿಗೆ ಬಿಟ್ಟ. ನೋವು ಹೋಯಿತು. ಆ ಮನೆಯವರು ಒಟ್ಟು 16,000 ಕೊಟ್ಟರು. ಜೊತೆಗೆ ರಥ, ಒಬ್ಬ ದಾಸ, ಒಬ್ಬಳು ದಾಸಿ. ಮನುಷ್ಯರನ್ನು ಫೀಸಿನ ಹಾಗೆ ಕೊಟ್ಟದ್ದನ್ನು ಓದುವಾಗ ದಾಟಿಸಿಕೊಂಡು ಹೋಗಬಾರದು. ಆ ಇಬ್ಬರ ಹೆಸರು ಕಥೆಯಲ್ಲಿಲ್ಲ.

ಆಮೇಲೆ ಮಗಧದ ಅರಸ ಬಿಂಬಿಸಾರನ ಭಗಂದರ ವಾಸಿ ಮಾಡಿ ಅರಮನೆಗೂ ಬುದ್ಧರ ಸಂಘಕ್ಕೂ ವೈದ್ಯನಾದ. ಒಬ್ಬ ಸೆಟ್ಟಿಯ ತಲೆಯನ್ನು, ಇನ್ನೊಬ್ಬ ಸೆಟ್ಟಿಯ ಮಗನ ಹೊಟ್ಟೆಯನ್ನು ಕೊಯ್ದು ಹೊಲಿದ ಎಂದೂ ಇದೆ. ಅವನ್ನೆಲ್ಲ ಇಲ್ಲಿ ಬಿಡುತ್ತೇನೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಉಜ್ಜಯಿನಿಯ ಪ್ರಸಂಗ.

ಉಜ್ಜಯಿನಿಯ ಅರಸ ಪಜ್ಜೋತನಿಗೆ ಪಾಂಡುರೋಗ. ಬಿಂಬಿಸಾರ ಜೀವಕನನ್ನು ಕಳಿಸಿದ. ತುಪ್ಪ ಕಾಸಿ ಕೊಡುತ್ತೇನೆ ಎಂದ ಜೀವಕ. ಅರಸನಿಗೆ ತುಪ್ಪ ಅಂದರೆ ಆಗದು, ಹೇಸಿಗೆ. ತುಪ್ಪವಿಲ್ಲದೆ ಏನು ಬೇಕಾದರೂ ಮಾಡು ಎಂದ. ತುಪ್ಪವಿಲ್ಲದೆ ಈ ರೋಗ ಹೋಗದು ಎಂದು ಜೀವಕನಿಗೆ ಗೊತ್ತು. ಬಣ್ಣ, ವಾಸನೆ, ರುಚಿ ಮೂರರಲ್ಲೂ ಕಷಾಯದ ಹಾಗೇ ಇರುವಂತೆ ತುಪ್ಪ ಕಾಸಿದ. ಕುಡಿದು ಜೀರ್ಣವಾಗುವಾಗ ತೇಗು ಬರುತ್ತದೆ, ಬಂದೊಡನೆ ಅರಸನಿಗೆ ತಿಳಿಯುತ್ತದೆ, ತನ್ನ ತಲೆ ಉಳಿಯುವುದಿಲ್ಲ ಎಂಬುದೂ ಗೊತ್ತಿತ್ತು. ಅದಕ್ಕೆ ಮೊದಲೇ ಒಂದು ಅಪ್ಪಣೆ ಪಡೆದಿದ್ದ. ಬೇರು ನಾರು ತರಲು ಬೇಕಾದ ಹೊತ್ತಲ್ಲಿ, ಬೇಕಾದ ವಾಹನದಲ್ಲಿ, ಬೇಕಾದ ಬಾಗಿಲಿಂದ ಹೋಗಬಹುದು ಎಂದು. ಅರಸನಿಗೆ ಕುಡಿಸಿದವನೇ ಭದ್ದವತಿಕಾ ಎಂಬ ಹೆಣ್ಣಾನೆ ಹತ್ತಿ ಓಡಿದ. ಬೆನ್ನಟ್ಟಿ ಬಂದ ಕಾಕ ಎಂಬ ದೂತ ಕೋಸಂಬಿಯಲ್ಲಿ ಹಿಡಿದ. ವೈದ್ಯ ಕೊಟ್ಟದ್ದು ಏನೂ ಮುಟ್ಟಬೇಡ ಎಂದು ಅವನಿಗೆ ಹೇಳಿ ಕಳಿಸಿದ್ದರು. ಜೀವಕ ತಾನೂ ತಿನ್ನುತ್ತಾ ಅರ್ಧ ನೆಲ್ಲಿಕಾಯಿ ಕೊಟ್ಟ. ಉಗುರಲ್ಲಿದ್ದ ಮದ್ದು ಆ ಅರ್ಧಕ್ಕೆ ಮಾತ್ರ ತಗುಲಿತ್ತು. ಕಾಕನಿಗೆ ಭೇದಿ ಹತ್ತಿತು, ಜೀವಕ ರಾಜಗೃಹ ಸೇರಿದ. ಅರಸನೂ ವಾಸಿಯಾದ.

ಕೇಳಲು ಚೆನ್ನಾಗಿದೆ. ಜಾಣ ವೈದ್ಯ, ಮುಂಗೋಪದ ಅರಸ. ಆದರೆ ಈ ಕಥೆಯನ್ನು ಅಡಿಗೆಮನೆಗೆ ತಂದರೆ ನನಗೆ ಭಯವಾಗುತ್ತದೆ.

ನನ್ನ ತಂಗಿಯ ಮೊಮ್ಮಗಳಿಗೆ ಹಾಲು ಕುಡಿದರೆ ಹೊಟ್ಟೆ ಉಬ್ಬುತ್ತದೆ, ಭೇದಿಯಾಗುತ್ತದೆ. ಹಾಲಿನಲ್ಲಿರುವ ಸಕ್ಕರೆ ಅವಳ ಕರುಳಲ್ಲಿ ಜೀರ್ಣವಾಗುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಆದರೂ ಆ ಕಡೆಯ ಹಿರಿಯರೊಬ್ಬರು ರಾಗಿ ಗಂಜಿಗೆ ಕದ್ದು ಹಾಲು ಬೆರೆಸುತ್ತಿದ್ದರು. ಪ್ರೀತಿಯಿಂದಲೇ. ಕುಡಿಯುತ್ತಾ ಕುಡಿಯುತ್ತಾ ಒಗ್ಗುತ್ತದೆ ಎಂಬ ನಂಬಿಕೆಯಿಂದ. ಅದು ಹಾಲಾಗಿದ್ದಕ್ಕೆ ಹೊಟ್ಟೆನೋವಿಗೆ ಮುಗಿಯಿತು. ಮಜ್ಜಿಗೆ ಅವಳಿಗೆ ತಡೆಯುತ್ತದೆ, ಈಗ ಅದನ್ನೇ ಕೊಡುತ್ತಾರೆ. ಅದೇ ಶೇಂಗಾ ಅಲರ್ಜಿ ಇರುವ ಮಗುವಾಗಿದ್ದರೆ? ಅಲ್ಲಿ ಚಿಟಿಕೆ ಪುಡಿಗೂ ಮೈಯೆಲ್ಲ ದದ್ದು, ತುಟಿ ಊತ, ಉಸಿರು ಕಟ್ಟುವುದು ಆಗಬಹುದು. ಆಗ ಕಷಾಯ ಕಾಸುತ್ತಾ ಕೂರುವಂತಿಲ್ಲ, ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆ ಇನ್ನೊಂದು ಬಗೆ. ಅದರ ಅನುಮಾನ ಬಂದರೆ ರಕ್ತಪರೀಕ್ಷೆಗೆ ಮೊದಲೇ ಚಪಾತಿ ಬಿಡಿಸಬಾರದು, ಬಿಡಿಸಿದರೆ ಪರೀಕ್ಷೆಯಲ್ಲಿ ಕಾಯಿಲೆ ಕಾಣದೇ ಹೋಗಬಹುದು.

ಪಜ್ಜೋತನಿಗೆ ಇದ್ದದ್ದು ಬೇಡವೆನ್ನುವ ಮನಸ್ಸೋ, ಒಗ್ಗದ ಮೈಯೋ? ಜೀವಕ ಅದನ್ನು ಅಳೆದೇ ಕೊಟ್ಟಿರಬೇಕು. ನಮ್ಮಲ್ಲಿ ಅಳೆಯುವವರು ಯಾರು?

ಇದೇ ಜೀವಕ ಬುದ್ಧರಿಗೆ ಮದ್ದು ಕೊಟ್ಟದ್ದನ್ನು ಪಕ್ಕದಲ್ಲಿಟ್ಟು ನೋಡಿ. ಬುದ್ಧರ ಮೈ ಕೆಟ್ಟು ಭೇದಿ ಮಾಡಿಸಬೇಕಾಗಿತ್ತು. ಮೊದಲು ಕೆಲವು ದಿನ ಮೈಗೆ ಎಣ್ಣೆ ತಿಕ್ಕಲು ಆನಂದನಿಗೆ ಹೇಳಿದ. ಒರಟು ಔಷಧಿ ಇವರಿಗೆ ತಕ್ಕದ್ದಲ್ಲ ಎಂದುಕೊಂಡು, ಮೂರು ಹಿಡಿ ತಾವರೆಗೆ ಮದ್ದು ಹಾಕಿ ಮೂಸಲು ಕೊಟ್ಟ. ಬಿಸಿನೀರಿನ ಸ್ನಾನ ಹೇಳಿದ. ಇಲ್ಲಿ ಬಚ್ಚಿಟ್ಟದ್ದು ಏನೂ ಇಲ್ಲ. ಒಂದೇ ವೈದ್ಯ, ಇಬ್ಬರು ರೋಗಿಗಳು, ಎರಡು ಬಗೆಯ ಮದ್ದು. ವೈಶಾಲಿಯಲ್ಲಿ ದಾನಿಗಳ ಮೃಷ್ಟಾನ್ನ ಉಂಡುಂಡು ಭಿಕ್ಕುಗಳು ಕಾಯಿಲೆ ಬಿದ್ದಾಗ ಇವನು ಯಾವ ಪುಡಿಯನ್ನೂ ಕೊಡಲಿಲ್ಲ. ಅಡ್ಡಾಡಲು ಒಂದು ಜಾಗ, ಬೆವರಲು ಒಂದು ಬಿಸಿ ಸ್ನಾನದ ಮನೆಗೆ ಅಪ್ಪಣೆ ಕೊಡಿ ಎಂದು ಬುದ್ಧರನ್ನು ಕೇಳಿದ.

ಊಟದ ವಿಷಯದಲ್ಲಿ ಇನ್ನೊಂದು ಮಾತು ನಮ್ಮವರಿಗೆ ಹೇಳಲೇಬೇಕು. ಪಥ್ಯ ಬೇರೆ, ಮಡಿ ಬೇರೆ. ಮೈಗೆ ಯಾವುದು ಒಗ್ಗುತ್ತದೆ ಎಂದು ನೋಡುವುದು ಪಥ್ಯ. ಯಾರ ಕೈ ಮುಟ್ಟಿತು ಎಂದು ನೋಡುವುದು ಮಡಿ. ಇವತ್ತು ಕೆಲವರು ಪಥ್ಯದ ಹೆಸರಲ್ಲಿ ಮಡಿ ಮಾರುತ್ತಾರೆ. ಮಾಂಸ, ಈರುಳ್ಳಿ, ಬೆಳ್ಳುಳ್ಳಿ ಬಿಡದೆ ಆಯುರ್ವೇದ ನಾಟುವುದಿಲ್ಲ ಎನ್ನುತ್ತಾರೆ. ಚರಕಸಂಹಿತೆ ತೆಗೆದು ನೋಡಿದರೆ ಸೊರಗಿದವರಿಗೆ ಮಾಂಸದ ಸಾರು ಹೇಳಿದೆ, ಗೋಮಾಂಸದ ಗುಣವನ್ನೂ ಬರೆದಿದೆ. ಬೆಳ್ಳುಳ್ಳಿಯನ್ನು ವಿನಯದಲ್ಲಿ ಭಿಕ್ಕುಗಳಿಗೆ ತಡೆದದ್ದು ನಿಜ, ಆದರೆ ಸಾರಿಪುತ್ತರಿಗೆ ಹೊಟ್ಟೆಯಲ್ಲಿ ವಾಯುವಾದಾಗ ಅದೇ ಮದ್ದಾಯಿತು, ಕಾಯಿಲೆಯವರು ತಿನ್ನಬಹುದು ಎಂದು ಬುದ್ಧರು ಬಿಟ್ಟುಕೊಟ್ಟರು. ಮಾಂಸದ ಬಗ್ಗೆ ನೇರವಾಗಿ ಬುದ್ಧರನ್ನೇ ಕೇಳಿದವನೂ ಜೀವಕನೇ. ತನಗಾಗಿ ಕೊಂದದ್ದೆಂದು ಕಂಡಿದ್ದರೆ, ಕೇಳಿದ್ದರೆ, ಅನುಮಾನವಿದ್ದರೆ ಮಾತ್ರ ಬೇಡ ಎಂಬುದು ಅವನಿಗೆ ಸಿಕ್ಕ ಉತ್ತರ. ಅದು ಮಜ್ಝಿಮ ನಿಕಾಯದಲ್ಲಿ ಇವನ ಹೆಸರಲ್ಲೇ ಇರುವ ಸುತ್ತ.

ಮನುಸ್ಮೃತಿ ವೈದ್ಯನ ಮನೆಯ ಅನ್ನವನ್ನು ಕೀವಿಗೆ ಹೋಲಿಸುತ್ತದೆ, ಶ್ರಾದ್ಧದ ಪಂಕ್ತಿಯಿಂದ ಅವನನ್ನು ಎಬ್ಬಿಸುತ್ತದೆ. ಎಲ್ಲರ ಮೈ ಮುಟ್ಟುವವನು ಅಲ್ಲವೇ. 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಸುಟ್ಟ ಪುಸ್ತಕದಲ್ಲಿ ಅದೂ ಇತ್ತು.

ಆದರೆ ಜೀವಕನನ್ನು ದೇವರು ಮಾಡುವುದು ಬೇಡ. ಒಮ್ಮೆ ಮಗಧದಲ್ಲಿ ಕುಷ್ಠ, ಕುರು, ತುರಿಗಜ್ಜಿ, ಕ್ಷಯ, ಮೂರ್ಛೆರೋಗ ಹಬ್ಬಿತು. ಜನ ಬಂದು ನಮ್ಮ ಆಸ್ತಿಯೆಲ್ಲ ನಿನ್ನದು, ನಾವೂ ನಿನ್ನ ದಾಸರು, ಮದ್ದು ಕೊಡು ಎಂದು ಬೇಡಿಕೊಂಡರು. ಅರಸ, ಅಂತಃಪುರ, ಸಂಘ ಇಷ್ಟನ್ನು ನೋಡಿಕೊಳ್ಳುವುದರಲ್ಲೇ ಹೊತ್ತಿಲ್ಲ ಎಂದು ಅವನು ಆಗುವುದಿಲ್ಲ ಅಂದ. ಅವರು ಮದ್ದಿಗಾಗಿಯೇ ಭಿಕ್ಕುಗಳಾದರು. ಒಬ್ಬ ವಾಸಿಯಾದ ಮೇಲೆ ಚೀವರ ಬಿಟ್ಟು ಮನೆಗೆ ಹೋದ. ಅದನ್ನು ಕಂಡ ಜೀವಕ ಬುದ್ಧರಲ್ಲಿ ದೂರಿಕೊಂಡು, ಈ ಐದು ರೋಗದವರಿಗೆ ದೀಕ್ಷೆ ಕೊಡಬಾರದೆಂಬ ನಿಯಮ ಬರಲು ಕಾರಣನಾದ. ಓದುವಾಗ ನನಗೆ ನೋಯುತ್ತದೆ. ತಿಪ್ಪೆಯಿಂದ ಬಂದವನ ಬಾಗಿಲಲ್ಲೂ ಬಡವರು ಹೊರಗೇ ನಿಂತರು. ಒಬ್ಬ ವೈದ್ಯ ಎಷ್ಟು ಒಳ್ಳೆಯವನಾದರೂ ಅವನು ಒಬ್ಬನೇ. ಪ್ರಾಥಮಿಕ ಆರೋಗ್ಯ ಕೇಂದ್ರದ ಮುಂದೆ ಸರದಿಯಲ್ಲಿ ನಿಲ್ಲುವ ನಮಗೆ ಇದು ಹಳೇ ಕಥೆ ಅನ್ನಿಸುವುದಿಲ್ಲ.

ಪಜ್ಜೋತ ಮೆಚ್ಚಿ ಕಳಿಸಿದ ಬೆಲೆಬಾಳುವ ಬಟ್ಟೆಯನ್ನು ಜೀವಕ ಬುದ್ಧರಿಗೆ ಕೊಟ್ಟ. ಅಲ್ಲಿಯವರೆಗೆ ಭಿಕ್ಕುಗಳು ಉಡುತ್ತಿದ್ದದ್ದು ತಿಪ್ಪೆಯಲ್ಲಿ, ಮಸಣದಲ್ಲಿ ಆರಿಸಿದ ಚಿಂದಿ. ಗೃಹಸ್ಥರು ಕೊಟ್ಟ ಬಟ್ಟೆಯನ್ನೂ ಉಡಬಹುದೆಂಬ ನಿಯಮ ಅವನ ಕೋರಿಕೆಯಿಂದ ಬಂತು. ಚೀವರದ ಅಧ್ಯಾಯದಲ್ಲಿ ಅವನ ಕಥೆ ಇರುವುದು ಅದಕ್ಕೇ. ರಾಜಗಿರಿಗೆ ಯಾತ್ರೆ ಹೋದವರು ಅವನು ಸಂಘಕ್ಕೆ ಕೊಟ್ಟ ಮಾವಿನ ತೋಪಿನ ಜಾಗವನ್ನು, ಅಲ್ಲಿನ ಉದ್ದುದ್ದ ಕಲ್ಲಿನ ಅಡಿಪಾಯಗಳನ್ನು ನೋಡಿರುತ್ತೀರಿ.

ಇದೇ ಅಧ್ಯಾಯದ ಕೊನೆಯ ಕಡೆ ರೋಗಿ ಹೇಗಿರಬೇಕು ಎಂಬ ಮಾತಿದೆ. ಒಗ್ಗುವುದನ್ನೇ ಉಣ್ಣಬೇಕು, ಅದರಲ್ಲೂ ಅಳತೆ ತಿಳಿದಿರಬೇಕು, ಕಾಯಿಲೆ ಇದ್ದದ್ದನ್ನು ಇದ್ದ ಹಾಗೆ ಆರೈಕೆ ಮಾಡುವವರಿಗೆ ಹೇಳಬೇಕು. ಅದನ್ನು ನಾಳೆ ಓದೋಣ.

ಅಕ್ಟೋಬರ್ 14ರ ಧಮ್ಮಚಕ್ರ ಪ್ರವರ್ತನ ದಿನದ ಊಟಕ್ಕೆ ಈ ಸಲವೂ ಶೇಂಗಾ ಚಟ್ನಿ ಇದೆ. ಅದನ್ನು ಬೇರೆ ಪಾತ್ರೆಯಲ್ಲಿ, ಬೇರೆ ಸೌಟಿನೊಂದಿಗೆ ಇಡಲು ಅಡಿಗೆಯವರಿಗೆ ಹೇಳಿದ್ದೇವೆ. ಶೇಂಗಾ, ಹಾಲು, ಗೋಧಿ, ಮೀನು, ಮೊಟ್ಟೆ ಯಾವುದೇ ಇರಲಿ, ಒಗ್ಗದ ಮಕ್ಕಳು ಮನೆಯಲ್ಲಿದ್ದರೆ ಮುಂಚೆಯೇ ತಿಳಿಸಿ. ಗುಂಪಿನಲ್ಲಿ ಬರೆಯಲು ಸಂಕೋಚವಾದರೆ ನನಗೆ ಬೇರೆಯಾಗಿ ಹೇಳಿ.

ಜೈ ಭೀಮ್.