ಪಂಡಿತಾ ರಮಾಬಾಯಿಯವರು

ಪಶ್ಚಿಮಘಟ್ಟದ ಗಂಗಾಮೂಲದ ಅರಣ್ಯದಲ್ಲಿ 1858ರಲ್ಲಿ ಜನಿಸಿದ ಪಂಡಿತಾ ರಮಾಬಾಯಿಯವರು ನಮ್ಮ ನಾಡಿನ ಮಗಳೆಂದು ಹೇಳಿಕೊಳ್ಳಲು ನಮಗೆ ಸಂತೋಷವಾಗುತ್ತದೆ. ಸಂಸ್ಕೃತದಲ್ಲಿ ಅವರಿಗೆ ತಾಯಿಯೇ ಗುರುವಾದರು. ಕ್ಷಾಮವು ತಂದೆ, ತಾಯಿ, ಅಕ್ಕ ಮೂವರನ್ನೂ ಕೊಂಡೊಯ್ದಿತು; ಬಳಿಕ ಅಣ್ಣನೂ, 1882ರಲ್ಲಿ ಪತಿಯೂ ಅಗಲಿದರು. ಮರುವರ್ಷ ಇಂಗ್ಲೆಂಡಿನಲ್ಲಿ, ಎಳೆಯ ಮಗಳು ಮನೋರಮೆಯೊಡನೆ ದೀಕ್ಷಾಸ್ನಾನ ಹೊಂದಿದರು. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು.

1896ರಲ್ಲಿ ಮಧ್ಯಪ್ರಾಂತಕ್ಕೆ ಬರಗಾಲ ಬಂದಿತು. ಅಮೇರಿಕದ ಸಂಘವು ವಾಗ್ದಾನಮಾಡಿದ್ದ ಹತ್ತು ವರ್ಷಗಳ ಸಹಾಯವು ಆಗ ಮುಗಿಯುತ್ತಲಿತ್ತು. ಲೆಕ್ಕ ಬಲ್ಲವರು ಹೊರಡಬೇಡಿರೆನ್ನುವ ಸಮಯವದು! ಆದರೆ ಬಾಲ್ಯದಲ್ಲಿ ಹಸಿವನ್ನು ಕಂಡಿದ್ದ ಆ ತಾಯಿಯು ದೇವರ ಚಿತ್ತವನ್ನೇ ನಂಬಿ ಹೊರಟು, ಮುನ್ನೂರರಷ್ಟು ಹೆಣ್ಣುಮಕ್ಕಳನ್ನು ಕರೆತಂದರು. ಕೇಡಗಾಂವದ ಮುಕ್ತಿ ಸದನವು ಹೀಗೆ ಬೆಳೆಯಿತು.

ದೇವರ ಚಿತ್ತಕ್ಕೆ ಒಪ್ಪಿಸಿಕೊಡುವುದೆಂದರೆ ಕೈಕಟ್ಟಿ ಕುಳಿತಿರುವುದೆಂದು ಕೆಲವರು ಭಾವಿಸುತ್ತಾರೆ. ನಮಗೆ ಹಾಗೆ ತೋರುವುದಿಲ್ಲ. ಸತ್ಯವೇದವನ್ನು ಸರಳ ಮರಾಠಿಗೆ ತರಲು ರಮಾಬಾಯಿಯವರು ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿತರು. ಮುದ್ರಣದ ಕೆಲಸವನ್ನು ಸದನದ ಸ್ತ್ರೀಯರೇ ಮಾಡಿದರು.

ತಾಯಿಯ ಬಲಗೈಯಾಗಿದ್ದ ಮನೋರಮೆಯು 1912ರಲ್ಲಿ ಗುಲ್ಬರ್ಗದಲ್ಲಿ ಒಂದು ಶಾಲೆಯನ್ನು ಸ್ಥಾಪಿಸಲು ನೆರವಾದರು. 1921ರಲ್ಲಿ ಅವರೂ ತೀರಿಕೊಂಡರು. ಆ ದುಃಖದಲ್ಲಿಯೂ ರಮಾಬಾಯಿಯವರು ಅನುವಾದದ ಕೆಲಸವನ್ನು ಬಿಡಲಿಲ್ಲ. 1922ನೆಯ ಏಪ್ರಿಲ್ 5ರಂದು ಕರ್ತನಲ್ಲಿ ನಿದ್ರೆಹೋದರು.