ಭಾಭಾ ಕೊಟ್ಟ ತೂಕದ ಕಲ್ಲು

ರಾಮದುರ್ಗದ ಸಂತ್ಯಾಗ ಒಂದು ಕಿಲೋ ಬದನೆಕಾಯಿ ಕೊಳ್ಳಬೇಕಾದರೂ ನಾವು ತಕ್ಕಡಿಯ ಕಲ್ಲನ್ನ ಒಮ್ಮೆ ನೋಡ್ತೀವಿ. ಕಲ್ಲು ಸರಿ ಇಲ್ಲ ಅಂದ್ರ ತೂಕಾನೂ ಸುಳ್ಳು. ಕಣಗಳ ದ್ರವ್ಯರಾಶಿ ಅಳೆಯುವವರಿಗೂ ಇದೇ ಚಿಂತೆ. ಅವರಿಗೆ ನಂಬಿಕೆಯ ಕಲ್ಲೊಂದನ್ನು ಕೊಟ್ಟವರು ಹೋಮಿ ಭಾಭಾ. ನಮ್ಮಲ್ಲಿ ಎಷ್ಟೋ ಮಂದಿಯ ಹಾಗೆ ಅವರೂ ಮನೆಯವರ ಮಾತಿಗೆ ಎಂಜಿನಿಯರಿಂಗ್ ಸೇರಿದವರು.

ಭಾಭಾ ಹುಟ್ಟಿದ್ದು 1909ರಲ್ಲಿ, ಮುಂಬೈನಲ್ಲಿ. ಮಗ ಕೇಂಬ್ರಿಜ್‌ನಲ್ಲಿ ಮೆಕ್ಯಾನಿಕಲ್ ಓದಿ ಜಮ್ಶೆಡ್‌ಪುರದ ಉಕ್ಕಿನ ಕಾರ್ಖಾನೆ ಸೇರಲಿ ಎಂಬುದು ತಂದೆಯ ಆಸೆ. ಮಗನಿಗೋ ಭೌತಶಾಸ್ತ್ರದ ಹುಚ್ಚು. ಮೊದಲ ದರ್ಜೆಯಲ್ಲಿ ಪಾಸಾದರೆ ಮುಂದೆ ಗಣಿತ ಓದಿಸುತ್ತೇನೆ ಎಂದು ತಂದೆ ಒಪ್ಪಿದರು. 1930ರಲ್ಲಿ ಮೊದಲ ದರ್ಜೆ ಬಂತು, ದಾರಿ ಬದಲಾಯಿತು. ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ ಡಿಕ್ಕಿ ಹೊಡೆದರೆ ಯಾವ ಕೋನಕ್ಕೆ ಎಷ್ಟು ಚದುರುತ್ತವೆ ಎಂದು 1935ರಲ್ಲಿ ಲೆಕ್ಕ ಹಾಕಿದರು. ಅದಕ್ಕೆ ಇಂದಿಗೂ ಭಾಭಾ ಚದುರುವಿಕೆ ಅಂತಲೇ ಹೆಸರು.

1939ರಲ್ಲಿ ರಜೆಗೆ ಊರಿಗೆ ಬಂದಿದ್ದಾಗ ಯುದ್ಧ ಶುರುವಾಗಿ ವಾಪಸ್ ಹೋಗೋಕಾಗಲಿಲ್ಲ. ಬೆಂಗಳೂರಿನ ವಿಜ್ಞಾನ ಸಂಸ್ಥೆ ಸೇರಿ, ಸಿ.ವಿ. ರಾಮನ್ ಅವರಿದ್ದ ವಿಭಾಗದಲ್ಲೇ ವಿಶ್ವಕಿರಣಗಳ ಅಧ್ಯಯನ ಆರಂಭಿಸಿದರು. 1945ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಕೆಲಸ ಶುರುವಾದದ್ದೂ ಅದೇ ಆವರಣದಲ್ಲಿ. ವರ್ಷದ ಕೊನೆಗೆ ಅದು ಮುಂಬೈಗೆ ಹೋಯಿತು. ಮುಂದೆ ಅವರ ಸಂಸ್ಥೆಯವರು ನಮ್ಮ ಕೋಲಾರದ ಚಿನ್ನದ ಗಣಿಯ ಆಳಕ್ಕಿಳಿದು, 1965ರಲ್ಲಿ ವಾತಾವರಣದ ನ್ಯೂಟ್ರಿನೊಗಳ ಸುಳಿವು ಹಿಡಿದರು.

1966ರ ಜನವರಿ 24ರಂದು, ಜಿನೀವಾದಲ್ಲಿ ಇಳಿಯಬೇಕಿದ್ದ ವಿಮಾನ ಮೌಂಟ್ ಬ್ಲಾಂಕ್‌ಗೆ ಬಡಿದು ಭಾಭಾ ತೀರಿಕೊಂಡರು.

ಅದೇ ಜಿನೀವಾ ಪಕ್ಕ 1989ರಲ್ಲಿ ಲೆಪ್ ಯಂತ್ರ ಶುರುವಾಯಿತು. ನೆಲದಡಿ 27 ಕಿಲೋಮೀಟರ್ ಸುತ್ತಳತೆಯ ಸುರಂಗ. ಅದರೊಳಗೆ ಎಲೆಕ್ಟ್ರಾನ್, ಪಾಸಿಟ್ರಾನ್‌ಗಳ ಡಿಕ್ಕಿ. ಶಕ್ತಿಯನ್ನು ಸ್ವಲ್ಪ ಸ್ವಲ್ಪವೇ ಬದಲಿಸುತ್ತಾ, ಪ್ರತಿ ಹಂತದಲ್ಲಿ ಎಷ್ಟು ಝಡ್ ಕಣ ಹುಟ್ಟಿದವು ಎಂದು ಎಣಿಸಿ ಗ್ರಾಫ್ ಹಾಕಿದರೆ, ಅದರ ಶಿಖರ ಎಲ್ಲಿದೆಯೋ ಅದು ಝಡ್‌ನ ದ್ರವ್ಯರಾಶಿಯನ್ನು ತೋರಿಸುತ್ತದೆ. ಆದರೆ ಒಂದು ದಿನ ಕಿರಣಪುಂಜ ದಟ್ಟ, ಇನ್ನೊಂದು ದಿನ ವಿರಳ. ಬರೀ ಎಣಿಸಿದರೆ ಹೋಲಿಸೋದು ಹ್ಯಾಂಗ? ಅಲ್ಲಿ ಭಾಭಾ ಲೆಕ್ಕ ಬಂತು. ಸಣ್ಣ ಕೋನದಲ್ಲಿ ಚದುರಿದ ಎಲೆಕ್ಟ್ರಾನ್‌ಗಳನ್ನೂ ಜೊತೆಗೇ ಎಣಿಸಿದರು. ಅವು ಎಷ್ಟು ಬರಬೇಕೆಂಬುದು ಮೊದಲೇ ಗೊತ್ತಿತ್ತಲ್ಲ, ಅದೇ ತಕ್ಕಡಿಯ ಕಲ್ಲಾಯಿತು.

ಕೊನೆಗೆ ಸಿಕ್ಕ ಉತ್ತರ 91.1876 ಜಿಇವಿ, ಅಂದರೆ ಸುಮಾರು 97 ಪ್ರೋಟಾನ್‌ಗಳಷ್ಟು. ತಪ್ಪಿನ ಅಂದಾಜು 0.0021 ಮಾತ್ರ.

ಲೆಕ್ಕ ಹಾಕಿದಾಗ ಭಾಭಾಗೆ ಸುಮಾರು ಇಪ್ಪತ್ತಾರರ ಹರೆಯ. ಝಡ್ ಕಣದ ಹೆಸರೂ ಆಗ ಹುಟ್ಟಿರಲಿಲ್ಲ. ಬ್ರಾಂಚ್ ತಪ್ಪಾಯ್ತು ಅಂತ ಹಾಸ್ಟೆಲ್‌ನಾಗ ರಾತ್ರಿ ಕೂತು ಕೊರಗುವಾಗ ನಾವು ಆ ಮೆಕ್ಯಾನಿಕಲ್ ಹುಡುಗನನ್ನ ನೆನೀತೀವಿ.